ಹಳೆಯ ರಿವಾಲ್ವರುಗಳು: ಸಂಗ್ರಾಹಕನ ಓದು, ಹಾರಿಸುವವನ ಅನುಭವ

ಪೀಠಿಕೆ

೧೮೩೦ರಲ್ಲಿ ಅಮೆರಿಕೆಯ ಬಾಸ್ಟನ್ ರೇವಿನಿಂದ ಕಲ್ಕತ್ತೆಗೆ ಹೊರಟ ‘ಕಾರ್ವೊ’ ಎಂಬ ಹಡಗಿನಲ್ಲಿ ಹದಿನಾರು ವರ್ಷದ ಹುಡುಗನೊಬ್ಬನು ನಾವಿಕರ ಕೆಲಸ ಕಲಿಯಲೆಂದು ಸೇರಿಕೊಂಡಿದ್ದನು. ಅವನ ಹೆಸರು ಸ್ಯಾಮ್ಯುಅಲ್ ಕೋಲ್ಟ್. ಆ ಪ್ರಯಾಣದಲ್ಲಿ ಅವನು ತಿರುಗುವ ಉರುಳೆಯುಳ್ಳ ಪಿಸ್ತೂಲಿನ ಮಾದರಿಯೊಂದನ್ನು ಮರದಲ್ಲಿ ಕೆತ್ತಿದನೆಂದೂ, ಹಡಗಿನ ಚುಕ್ಕಾಣಿಯ ಚಕ್ರವನ್ನೋ ಲಂಗರು ಎತ್ತುವ ರಾಟೆಯನ್ನೋ ನೋಡಿದಾಗ ಆ ಕಲ್ಪನೆ ಹೊಳೆಯಿತೆಂದೂ ಐತಿಹ್ಯವಿದೆ. ಆದರೆ ಅದಕ್ಕೆ ಹನ್ನೆರಡು ವರ್ಷ ಮುಂಚೆಯೇ, ೧೮೧೮ರಲ್ಲಿ, ಎಲಿಷ ಕಾಲಿಯರ್ ಎಂಬ ಅಮೆರಿಕನ್ನನು ಇಂಗ್ಲೆಂಡಿನಲ್ಲಿ ಚಕಮಕಿ ಕಲ್ಲಿನ ರಿವಾಲ್ವರಿಗೆ ಹಕ್ಕುಪತ್ರ ಪಡೆದಿದ್ದನು. ಹೀಗಿರಲು ಕೋಲ್ಟನು ಹೊಸದಾಗಿ ಸಾಧಿಸಿದ್ದೇನು ಎಂಬ ಪ್ರಶ್ನೆ ಏಳುವುದು ಸಹಜ.

ಈ ಪ್ರಶ್ನೆಗೆ ಕಾಗದಪತ್ರಗಳಿಂದ ಮಾತ್ರವೇ ಉತ್ತರ ದೊರೆಯದು. ಕಾಲಿಯರನ ಹಕ್ಕುಪತ್ರದಲ್ಲಿ ಉರುಳೆಯು ಸ್ಪ್ರಿಂಗಿನ ಬಲದಿಂದ ತಾನಾಗಿ ತಿರುಗುವ ಏರ್ಪಾಡಿದೆ. ಉಳಿದುಬಂದಿರುವ ಅವನ ಆಯುಧಗಳನ್ನು ನೋಡಿದರೆ, ಬಹುಪಾಲಿನಲ್ಲಿ ಆ ಏರ್ಪಾಡೇ ಇಲ್ಲ. ಪ್ರತಿಯೊಂದು ಈಡಾದ ಮೇಲೂ ಉರುಳೆಯನ್ನು ಕೈಯಿಂದ ತಿರುಗಿಸಬೇಕು. ಕೋಲ್ಟನ ಆಯುಧದಲ್ಲಾದರೋ ಸುತ್ತಿಗೆಯನ್ನು ಹಿಂದಕ್ಕೆ ಎಳೆದೊಡನೆ ಉರುಳೆ ಒಂದು ಮನೆಯಷ್ಟು ತಿರುಗಿ, ಸರಿಯಾದ ಸ್ಥಾನದಲ್ಲಿ ಭದ್ರವಾಗಿ ನಿಲ್ಲುತ್ತದೆ. ಕಾಗದವು ಹೇಳಿದ್ದು ಒಂದು, ವಸ್ತುವು ಹೇಳುವುದು ಇನ್ನೊಂದು.

ಹಳೆಯ ರಿವಾಲ್ವರುಗಳನ್ನು ಸಂಗ್ರಹಿಸುವುದು, ಅವುಗಳನ್ನು ಹಾರಿಸುವುದು, ಇವೆರಡೂ ಶ್ರೀಮಂತರ ವಿನೋದಗಳೆಂದು ವಿದ್ವಾಂಸರು ಅಲಕ್ಷಿಸುವುದುಂಟು. ಈ ಅಲಕ್ಷ್ಯವು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಹಳೆಯ ಆಯುಧವೂ ಒಂದು ಶಾಸನದಂತೆ ದಾಖಲೆಯೇ. ಅದರ ಕೆಲವು ಅಕ್ಷರಗಳನ್ನು ಕಣ್ಣಿನಿಂದ ಓದಬಹುದು. ಮತ್ತೆ ಕೆಲವು, ಆಯುಧವು ಕೆಲಸ ಮಾಡಿದಾಗ ಮಾತ್ರ ತೋರುತ್ತವೆ. ಆದರೆ ಪ್ರತಿಯೊಂದು ಈಡೂ ಆ ದಾಖಲೆಯನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತದೆ. ಈ ತೊಡಕನ್ನು ಹೇಗೆ ಬಿಡಿಸಿಕೊಳ್ಳಬೇಕೆಂಬುದೇ ಪ್ರಕೃತ ಲೇಖನದ ವಿಷಯ.

೧. ಯಂತ್ರದ ಸ್ವರೂಪ

ನಾವಿಲ್ಲಿ ಮುಖ್ಯವಾಗಿ ಪರಿಶೀಲಿಸುವುದು ಕೇಪಿನ ರಿವಾಲ್ವರುಗಳನ್ನು. ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿಯನ್ನು ಕಂಡವರಿಗೆ ಇದರ ತತ್ತ್ವವನ್ನು ವಿವರಿಸಬೇಕಾದುದಿಲ್ಲ. ಕೋವಿಯ ನಳಿಗೆಗೆ ಬಾಯಿಯ ಕಡೆಯಿಂದ ಮದ್ದು ಗುಂಡುಗಳನ್ನು ತುಂಬಿ, ಹಿಂದಿನ ಮೊಲೆಯ ಮೇಲೆ ತಾಮ್ರದ ಕೇಪನ್ನು ಇಡುತ್ತಾರೆ. ಸುತ್ತಿಗೆ ಬಡಿದಾಗ ಕೇಪು ಸಿಡಿದು ಒಳಗಿನ ಮದ್ದಿಗೆ ಕಿಡಿ ತಾಗುತ್ತದೆ. ರಿವಾಲ್ವರಿನಲ್ಲಿ ಇಂಥ ಐದಾರು ಮನೆಗಳನ್ನು ಒಂದೇ ಉರುಳೆಯಲ್ಲಿ ಕೊರೆದು, ಪ್ರತಿಯೊಂದಕ್ಕೂ ಪ್ರತ್ಯೇಕವಾದ ಮೊಲೆಯನ್ನು ಜೋಡಿಸಲಾಗಿದೆ. ನಳಿಗೆ ಒಂದೇ, ಮನೆಗಳು ಸರದಿಯಂತೆ ಅದರ ಹಿಂದೆ ಬಂದು ನಿಲ್ಲುತ್ತವೆ.

ಕೋಲ್ಟನು ೧೮೩೫ರಲ್ಲಿ ಇಂಗ್ಲೆಂಡಿನಲ್ಲಿಯೂ ೧೮೩೬ರ ಫೆಬ್ರವರಿ ೨೫ರಂದು ಅಮೆರಿಕೆಯಲ್ಲಿಯೂ ಹಕ್ಕುಪತ್ರಗಳನ್ನು ಪಡೆದನು. ನ್ಯೂ ಜೆರ್ಸಿಯ ಪ್ಯಾಟರ್ಸನ್ನಿನಲ್ಲಿ ಸ್ಥಾಪಿತವಾದ ಅವನ ಮೊದಲ ಕಾರ್ಖಾನೆ ೧೮೪೨ರಲ್ಲಿ ಮುಚ್ಚಿಹೋಯಿತು. ಮೆಕ್ಸಿಕೋ ಯುದ್ಧದ ಸಂದರ್ಭದಲ್ಲಿ ಕ್ಯಾಪ್ಟನ್ ಸ್ಯಾಮ್ಯುಅಲ್ ವಾಕರನ ಸಲಹೆಯಂತೆ ೧೮೪೭ರಲ್ಲಿ ತಯಾರಾದ ಭಾರಿ ರಿವಾಲ್ವರು ಅವನ ಅದೃಷ್ಟವನ್ನು ತಿರುಗಿಸಿತು. ತನ್ನದೆಂಬ ಕಾರ್ಖಾನೆ ಆಗ ಇರಲಿಲ್ಲವಾಗಿ, ಇವನ್ನು ಕನೆಕ್ಟಿಕಟ್ಟಿನ ವಿಟ್ನಿ ಕಾರ್ಖಾನೆಯಲ್ಲಿ ಮಾಡಿಸಿದನು. ‘ವಾಕರ್’ ಎಂಬ ಹೆಸರಿನ ಈ ಆಯುಧದ ತೂಕ ಸುಮಾರು ಎರಡು ಕಿಲೋಗ್ರಾಂ. ತಯಾರಾದವು ೧,೧೦೦ ಮಾತ್ರ. ಅನಂತರ ೧೮೫೧ರ ‘ನೇವಿ’ ಮಾದರಿ ಬಂದಿತು. ಇದರ ವ್ಯಾಸ ೦.೩೬ ಅಂಗುಲ. ಹಾರ್ಟ್‌ಫರ್ಡಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು, ಲಂಡನ್ನಿನ ಪಿಮ್ಲಿಕೋದಲ್ಲಿ ಸುಮಾರು ನಲವತ್ತು ಸಾವಿರ ‘ನೇವಿ’ಗಳು ತಯಾರಾದವು.

ಕೇಪಿನ ರಿವಾಲ್ವರಿನ ಯುಗ ದೀರ್ಘವಾದುದಲ್ಲ. ಉರುಳೆಯ ಮನೆಗಳನ್ನು ಹಿಂಬದಿಯವರೆಗೂ ಕೊರೆದು, ತೋಟಾಗಳನ್ನು ಹಿಂದಿನಿಂದ ತುಂಬುವ ಕ್ರಮಕ್ಕೆ ರಾಲಿನ್ ವೈಟ್ ಎಂಬವನು ೧೮೫೫ರಲ್ಲಿ ಹಕ್ಕುಪತ್ರ ಪಡೆದನು. ಅದನ್ನು ಬಳಸುವ ಹಕ್ಕನ್ನು ಕೊಂಡ ಸ್ಮಿತ್ ಮತ್ತು ವೆಸನ್ ಸಂಸ್ಥೆಯವರು ೧೮೫೭ರಲ್ಲಿ ತೋಟಾ ರಿವಾಲ್ವರನ್ನು ಮಾರಾಟಕ್ಕೆ ತಂದರು. ೧೮೬೯ರಲ್ಲಿ ಆ ಹಕ್ಕಿನ ಅವಧಿ ಮುಗಿಯುವವರೆಗೆ ಅಮೆರಿಕೆಯ ಇತರ ತಯಾರಕರ ಕೈ ಕಟ್ಟಿದಂತಾಗಿತ್ತು. ೧೮೭೩ರಲ್ಲಿ ಕೋಲ್ಟ್ ಸಂಸ್ಥೆಯೇ ತೋಟಾ ರಿವಾಲ್ವರನ್ನು ಸೈನ್ಯಕ್ಕೆ ಒದಗಿಸತೊಡಗಿದ ಮೇಲೆ ಕೇಪಿನ ಕಾಲ ಮುಗಿಯಿತೆನ್ನಬಹುದು. ಅಮೆರಿಕೆಯ ಅಂತರ್ಯುದ್ಧ, ಕ್ರಿಮಿಯಾ ಯುದ್ಧ, ನಮ್ಮ ೧೮೫೭ರ ಹೋರಾಟ, ಇವೆಲ್ಲವೂ ಈ ಮೂವತ್ತೇಳು ವರ್ಷಗಳ ಒಳಗೇ ನಡೆದವೆಂಬುದನ್ನು ವಾಚಕರು ಗಮನಿಸಬೇಕು.

೨. ಸಂಗ್ರಾಹಕನ ಓದು

ಅನುಭವಿಯಾದ ಸಂಗ್ರಾಹಕನು ರಿವಾಲ್ವರೊಂದನ್ನು ಕೈಗೆತ್ತಿಕೊಂಡೊಡನೆ ಮೊದಲು ನೋಡುವುದು ಅಂಕೆಗಳನ್ನು. ಕೋಲ್ಟ್ ಆಯುಧಗಳಲ್ಲಿ ಕ್ರಮಾಂಕವನ್ನು ನಳಿಗೆ, ಚೌಕಟ್ಟು, ಉರುಳೆ, ಕುದುರೆಯ ಕಾಪು, ಹಿಡಿಯ ಹಿಂಪಟ್ಟಿ ಮೊದಲಾದ ಅನೇಕ ಭಾಗಗಳ ಮೇಲೆ ಪ್ರತ್ಯೇಕವಾಗಿ ಒತ್ತಿರುತ್ತಾರೆ. ಎಲ್ಲ ಅಂಕೆಗಳೂ ಒಂದೇ ಆಗಿದ್ದರೆ ಆಯುಧವು ಕಾರ್ಖಾನೆಯಿಂದ ಬಂದಂತೆಯೇ ಇದೆಯೆಂದು ನಂಬಲು ಒಂದು ಆಧಾರ ದೊರೆತಂತಾಯಿತು.

ಆದರೆ ಈ ಅಂಕೆಗಳಲ್ಲಿ ಬೆಲೆಗಿಂತ ದೊಡ್ಡದಾದ ವಿಷಯವೊಂದು ಅಡಗಿದೆ. ಕೋಲ್ಟನು ೧೮೫೧ರ ನವೆಂಬರಿನಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಪ್ರಬಂಧವೊಂದನ್ನು ಓದಿ ಯಂತ್ರೋತ್ಪಾದನೆಯ ಹಿರಿಮೆಯನ್ನು ಪ್ರತಿಪಾದಿಸಿದನು. ಒಂದು ಆಯುಧದ ಭಾಗವನ್ನು ಇನ್ನೊಂದಕ್ಕೆ ಹಾಗೆಯೇ ಜೋಡಿಸಬಹುದೆಂಬುದು ಆ ಕಾಲದ ಅಮೆರಿಕನ್ ಪದ್ಧತಿಯ ಹೆಗ್ಗಳಿಕೆ. ಭಾಗಗಳು ನಿಜವಾಗಿಯೂ ಪರಸ್ಪರ ಬದಲಿಯಾಗುವಂತಿದ್ದರೆ, ಒಂದೊಂದರ ಮೇಲೂ ಕ್ರಮಾಂಕವನ್ನು ಒತ್ತುವ ಅಗತ್ಯವೇನಿತ್ತು? ಯಂತ್ರದಿಂದ ಹೊರಬಿದ್ದ ಭಾಗಗಳನ್ನು ಕುಶಲಕರ್ಮಿಗಳು ಅರದಿಂದ ಉಜ್ಜಿ ಒಂದಕ್ಕೊಂದು ಹೊಂದಿಸುತ್ತಿದ್ದರು. ಹದ ಕೊಡುವುದಕ್ಕೂ ಮೆರುಗು ಕೊಡುವುದಕ್ಕೂ ಬಿಡಿಸಿದ ಭಾಗಗಳು ಮತ್ತೆ ತಮ್ಮ ತಮ್ಮ ಜೊತೆಯನ್ನೇ ಸೇರಬೇಕಾಗಿತ್ತು. ಅದಕ್ಕಾಗಿಯೇ ಅಂಕೆ. ಕೈಗಾರಿಕಾ ಇತಿಹಾಸದ ಈ ಮುಖ್ಯ ಸಂಗತಿಗೆ ಸಾಕ್ಷಿಯಾಗಿ ನಿಂತಿರುವುದು ಸಂಗ್ರಾಹಕನ ಮೇಜಿನ ಮೇಲಿನ ವಸ್ತು.

ಎರಡನೆಯದಾಗಿ ಪರೀಕ್ಷಿಸುವುದು ಮೇಲ್ಮೈಯನ್ನು. ‘ನೇವಿ’ ಮಾದರಿಯ ಉರುಳೆಯ ಸುತ್ತಲೂ ೧೮೪೩ರ ಮೇ ೧೬ರಂದು ಕಾಂಪೆಚೆಯ ಬಳಿ ನಡೆದ ನೌಕಾಯುದ್ಧದ ಚಿತ್ರವನ್ನು ಒತ್ತಲಾಗಿದೆ. ನೋಟುಗಳ ಅಚ್ಚು ಕೆತ್ತುವುದರಲ್ಲಿ ಪ್ರಸಿದ್ಧನಾಗಿದ್ದ ಆರ್ಮ್ಸ್‌ಬಿ ಎಂಬ ಕಲಾವಿದನ ಕೆಲಸವದು. ಗೆರೆಗಳು ಬಲು ಸೂಕ್ಷ್ಮವಾದುದರಿಂದ ಚಿತ್ರವು ಎಷ್ಟು ಉಳಿದಿದೆಯೆಂಬುದು ಆಯುಧವು ಎಷ್ಟು ಸವೆದಿದೆಯೆಂಬುದಕ್ಕೆ ಅಳತೆಗೋಲಾಗುತ್ತದೆ. ಚಿತ್ರ ಮಾಸಿದ್ದು ಬಣ್ಣ ಮಾತ್ರ ಹೊಸದಾಗಿ ಕಂಡರೆ, ಅಂಚುಗಳು ಮೊಂಡಾಗಿ ತಿರುಪುಗಳ ಸೀಳು ಹರಿದಿದ್ದರೆ, ಯಾರೋ ಅದನ್ನು ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆಂದು ತಿಳಿಯಬೇಕು. ಅಜ್ಞಾನದಿಂದ ಮಾಡಿದ ಇಂಥ ‘ಶುದ್ಧಿ’ ತುಕ್ಕಿಗಿಂತಲೂ ಹೆಚ್ಚು ಹಾನಿಕರ. ತುಕ್ಕನ್ನು ತಡೆದು ನಿಲ್ಲಿಸಬಹುದು. ಉಜ್ಜಿ ತೆಗೆದ ಗೆರೆಯನ್ನು ಯಾರೂ ಮರಳಿ ತರಲಾರರು.

ಬೆಲೆ ಏರಿದಂತೆಲ್ಲ ಮೋಸವೂ ಏರುವುದು ಲೋಕರೂಢಿ. ೨೦೧೮ರಲ್ಲಿ ಪೆಟ್ಟಿಗೆ ಸಮೇತವಾದ ‘ವಾಕರ್’ ಒಂದು ಅಮೆರಿಕೆಯ ಹರಾಜಿನಲ್ಲಿ ಹದಿನೆಂಟು ಲಕ್ಷ ನಲವತ್ತು ಸಾವಿರ ಡಾಲರಿಗೆ ಮಾರಾಟವಾಯಿತು. ಇಂಥ ಬೆಲೆಯ ಆಸೆಯಿಂದ ಹೊಸ ಪ್ರತಿಕೃತಿಗಳನ್ನು ಆಮ್ಲದಲ್ಲಿ ಅದ್ದಿ ಹಳತಾಗಿಸುವವರೂ, ನೂರಾರು ವರ್ಷ ಹಳೆಯ ಸಾಮಾನ್ಯ ಆಯುಧದ ಮೇಲೆ ಅಪೂರ್ವವಾದ ಗುರುತುಗಳನ್ನು ಒತ್ತುವವರೂ ಹುಟ್ಟಿಕೊಂಡಿದ್ದಾರೆ. ಆದಕಾರಣ ಆಯುಧವು ಯಾರಿಂದ ಯಾರಿಗೆ ಬಂದಿತೆಂಬ ಪರಂಪರೆಯ ಲಿಖಿತವು ಆಯುಧದಷ್ಟೇ ಮುಖ್ಯವಾದುದು.

೩. ಹಾರಿಸುವವನ ಅನುಭವ

ಸಂಗ್ರಾಹಕನು ಎಷ್ಟೇ ಸೂಕ್ಷ್ಮದೃಷ್ಟಿಯುಳ್ಳವನಾದರೂ ಅವನ ಕೈಯಲ್ಲಿರುವುದು ನಿಶ್ಚಲವಾದ ವಸ್ತು. ಅದು ಬಳಕೆಯಲ್ಲಿ ಹೇಗಿತ್ತೆಂಬುದನ್ನು ಬಲ್ಲವನು ಹಾರಿಸುವವನು. ಮೊದಲು ಸುತ್ತಿಗೆಯನ್ನು ಅರ್ಧಕ್ಕೆ ಎತ್ತಿ ನಿಲ್ಲಿಸಿ, ಉರುಳೆಯ ಮನೆಗೆ ಅಳತೆಯ ಕರಿಮದ್ದನ್ನು ಸುರಿಯಬೇಕು. ಅದರ ಮೇಲೆ ಮನೆಯ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಾದ ಸೀಸದ ಗುಂಡನ್ನಿಟ್ಟು, ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಿ ಕೂರಿಸಬೇಕು. ಹಾಗೆ ಒತ್ತುವಾಗ ಗುಂಡಿನ ಸುತ್ತಲಿನ ಸೀಸವು ತೆಳ್ಳನೆಯ ಉಂಗುರವಾಗಿ ಕತ್ತರಿಸಿ ಬರುತ್ತದೆ. ಗುಂಡು ಮನೆಯನ್ನು ಭದ್ರವಾಗಿ ಮುಚ್ಚಿದೆಯೆಂಬುದಕ್ಕೆ ಅದೇ ಗುರುತು. ಕೊನೆಗೆ ಬಾಯಿಗೆ ಕೊಬ್ಬನ್ನು ಸವರಿ, ಮೊಲೆಗಳಿಗೆ ಕೇಪುಗಳನ್ನು ತೊಡಿಸಬೇಕು. ಆರು ಮನೆಗಳಿದ್ದರೂ ಐದನ್ನೇ ತುಂಬಿ, ಬರಿದಾದ ಮನೆಯ ಮೇಲೆ ಸುತ್ತಿಗೆಯನ್ನು ಇಳಿಸುವುದು ಎಚ್ಚರಿಕೆಯ ಕ್ರಮ. ಕ್ಷಣಾರ್ಧದಲ್ಲಿ ಆರು ಈಡು ಹಾರಿಸಬಲ್ಲ ಆಯುಧವನ್ನು ಮತ್ತೆ ತುಂಬಲು ಹಲವು ನಿಮಿಷಗಳು ಬೇಕೆಂಬುದು ಆಗ ಮನದಟ್ಟಾಗುತ್ತದೆ. ಅಂದಿನ ಕುದುರೆ ಸವಾರರು ಎರಡು ಮೂರು ರಿವಾಲ್ವರುಗಳನ್ನು ಹೊತ್ತು ತಿರುಗುತ್ತಿದ್ದುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ಕರಿಮದ್ದಿನಲ್ಲಿ ನೂರಕ್ಕೆ ಸುಮಾರು ೭೫ ಪಾಲು ಪೆಟ್ಲುಪ್ಪು, ೧೫ ಪಾಲು ಇದ್ದಿಲು, ೧೦ ಪಾಲು ಗಂಧಕ. ಸುಟ್ಟ ಮೇಲೆ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿ ಉಳಿಯುತ್ತದೆ. ಸ್ವಲ್ಪ ಹೊಗೆಯಾಗಿ ಹಾರಿಹೋದರೂ ಮಿಕ್ಕ ಕಿಟ್ಟವು ಉರುಳೆಯ ಅಚ್ಚಿಗೆ ಅಂಟಿಕೊಂಡು, ಕೆಲವು ಸುತ್ತುಗಳಾದ ಮೇಲೆ ಉರುಳೆ ತಿರುಗುವುದೇ ಕಷ್ಟವಾಗುತ್ತದೆ. ಈ ಕಿಟ್ಟವು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುವುದರಿಂದ, ಅಂದೇ ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಕೋಲ್ಟನ ಆಯುಧದಲ್ಲಿ ಉರುಳೆಯ ಅಚ್ಚು ದಪ್ಪವಾಗಿದ್ದು ಅದರ ಮೈಮೇಲೆ ಗಾಡಿಗಳನ್ನು ಕೊರೆದಿರುವುದೇಕೆಂಬುದು ಚಿತ್ರದಲ್ಲಿ ನೋಡಿದವನಿಗೆ ಹೊಳೆಯದು. ಎಣ್ಣೆ ಕೊಬ್ಬುಗಳು ನಿಲ್ಲುವುದಕ್ಕೂ ಕಿಟ್ಟಕ್ಕೆ ಎಡೆ ಕೊಡುವುದಕ್ಕೂ ಅವು ಬೇಕೆಂದು ಹಾರಿಸಿದವನು ಬಲ್ಲನು.

ಇನ್ನೂ ಕೆಲವು ಸಂಗತಿಗಳು ಹೀಗೆಯೇ ಅನುಭವದಿಂದ ತಿಳಿದುಬಂದವು. ಸಿಡಿದ ಕೇಪಿನ ಚೂರುಗಳು ಯಂತ್ರದೊಳಕ್ಕೆ ಬಿದ್ದು ಸುತ್ತಿಗೆಯನ್ನು ಕಚ್ಚಿ ಹಿಡಿಯುವುದುಂಟು. ಅದಕ್ಕಾಗಿ ಸುತ್ತಿಗೆ ಎಳೆಯುವಾಗ ನಳಿಗೆಯನ್ನು ಮೇಲ್ಮುಖವಾಗಿ ಎತ್ತಿ ಚೂರುಗಳನ್ನು ಹಿಂದಕ್ಕೆ ಉದುರಿಸುವ ಅಭ್ಯಾಸ ಹುಟ್ಟಿತು. ‘ನೇವಿ’ಯ ಹಿಂದಿನ ಗುರಿಗಂಡಿ ಸುತ್ತಿಗೆಯ ತುದಿಯಲ್ಲಿಯೇ ಇದ್ದು, ಸುತ್ತಿಗೆ ಎತ್ತಿದಾಗ ಮಾತ್ರ ಕಾಣುತ್ತದೆ, ಹತ್ತಿರದ ಗುರಿಗೆ ಹಾರಿಸಿದರೆ ಗುಂಡು ಸಾಮಾನ್ಯವಾಗಿ ಮೇಲಕ್ಕೆ ಬೀಳುತ್ತದೆ. ಎಲ್ಲಕ್ಕಿಂತ ಭಯಂಕರವಾದುದೆಂದರೆ ಒಂದು ಮನೆಯ ಬೆಂಕಿ ಪಕ್ಕದ ಮನೆಗಳಿಗೂ ಹತ್ತಿ ಹಲವು ಈಡುಗಳು ಒಟ್ಟಿಗೇ ಹಾರುವುದು. ಬೆಂಕಿ ಮುಂದಿನ ಬಾಯಿಯಿಂದ ನುಗ್ಗುತ್ತದೆಯೆ, ಸಡಿಲವಾದ ಕೇಪಿನ ಮೂಲಕ ಹಿಂದಿನಿಂದ ನುಗ್ಗುತ್ತದೆಯೆ ಎಂಬ ವಿಷಯದಲ್ಲಿ ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವಿದೆ. ಬಿಗಿಯಾದ ಗುಂಡು, ಬಿಗಿಯಾದ ಕೇಪು, ಇವೆರಡೂ ಬೇಕೆಂಬುದರಲ್ಲಿ ಮಾತ್ರ ಎಲ್ಲರೂ ಒಮ್ಮತರು.

೪. ಒಂದು ಹಳೆಯ ವಿವಾದ

ಈ ಎರಡು ಬಗೆಯ ಜ್ಞಾನವೂ ಇತಿಹಾಸಕಾರನಿಗೆ ಹೇಗೆ ನೆರವಾಗುವುದೆಂಬುದಕ್ಕೆ ಒಂದು ನಿದರ್ಶನ ಕೊಡೋಣ. ೧೮೫೧ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಕೋಲ್ಟನ ರಿವಾಲ್ವರಿಗೆ ರಾಬರ್ಟ್ ಆಡಮ್ಸ್ ಎಂಬ ಇಂಗ್ಲಿಷ್ ತಯಾರಕನ ರಿವಾಲ್ವರು ಎದುರಾಯಿತು. ಕೋಲ್ಟನದರಲ್ಲಿ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಸುತ್ತಿಗೆ ಎತ್ತಬೇಕು. ಆಡಮ್ಸನದರಲ್ಲಿ ಕುದುರೆಯನ್ನು ಎಳೆದರೆ ಸಾಕು, ಸುತ್ತಿಗೆ ತಾನೇ ಎದ್ದು ಬಡಿಯುತ್ತದೆ. ಮೊದಲನೆಯದು ಗುರಿಗೆ ಅನುಕೂಲ, ಎರಡನೆಯದು ವೇಗಕ್ಕೆ ಅನುಕೂಲ. ೧೮೫೪ರಲ್ಲಿ ಇಂಕರ್ಮನ್ ಕದನದಲ್ಲಿ ಶತ್ರುಗಳು ಸುತ್ತುವರಿದಾಗ ಆಡಮ್ಸ್ ರಿವಾಲ್ವರಿನ ವೇಗವೇ ತನ್ನ ಪ್ರಾಣ ಉಳಿಸಿತೆಂದು ಇಂಗ್ಲಿಷ್ ಸೇನಾಧಿಕಾರಿಯೊಬ್ಬನು ತಯಾರಕನಿಗೆ ಬರೆದನು. ೧೮೫೭ರ ಹೋರಾಟದ ಬಗ್ಗೆ ಫಾಸ್ಬರಿ ಎಂಬ ಅಧಿಕಾರಿ ಹೇಳಿದ ಪ್ರಸಂಗವೂ ಪ್ರಸಿದ್ಧವಾದುದೇ. ಕತ್ತಿ ಹಿಡಿದು ಮುನ್ನುಗ್ಗಿದ ಸಿಪಾಯಿಯೊಬ್ಬನ ಮೇಲೆ ಗುರಿಕಾರನೆಂದು ಹೆಸರಾದ ಅಧಿಕಾರಿಯೊಬ್ಬನು ‘ನೇವಿ’ಯ ಈಡುಗಳನ್ನೆಲ್ಲ ಹಾರಿಸಿದರೂ ಸಿಪಾಯಿ ನಿಲ್ಲದೆ ಬಂದು ಅಧಿಕಾರಿಯನ್ನು ಕೊಂದನಂತೆ.

ಇಂಥ ಕಥೆಗಳ ಬಲದಿಂದ ಕೋಲ್ಟನ ಆಯುಧ ನಿರರ್ಥಕವೆಂದು ತೀರ್ಮಾನಿಸಿದವರುಂಟು. ಲೆಕ್ಕವನ್ನು ನೋಡೋಣ. ಆಡಮ್ಸನ ರಿವಾಲ್ವರುಗಳಲ್ಲಿ ಒಂದು ಬಗೆಗೆ ಪೌಂಡಿಗೆ ೫೪ ಗುಂಡುಗಳು. ಎಂದರೆ ಒಂದು ಗುಂಡಿನ ತೂಕ ಸುಮಾರು ೮.೪ ಗ್ರಾಂ. ‘ನೇವಿ’ಯ ದುಂಡು ಗುಂಡಿನ ತೂಕ ಸುಮಾರು ೫.೨ ಗ್ರಾಂ. ಅಂತರವು ನಿಜ, ಅಳೆಯಬಹುದಾದದ್ದು. ಗುಂಡಿನ ವೇಗವನ್ನೂ ಹಾರಿಸಿ ಅಳೆಯಬಹುದು. ಆದರೆ ಆ ಅಧಿಕಾರಿಯ ಗುಂಡುಗಳು ತಾಗಿದ್ದೆಲ್ಲಿ, ಮದ್ದು ತೇವವಾಗಿತ್ತೆ, ಆ ಸಿಪಾಯಿಯ ಎದೆಯಲ್ಲಿದ್ದ ನಿಶ್ಚಯವೆಂಥದು ಎಂಬುದನ್ನು ಯಾವ ಪ್ರಯೋಗವೂ ಹೇಳಲಾರದು. ತಯಾರಕನಿಗೆ ಬರೆದ ಮೆಚ್ಚುಗೆಯ ಪತ್ರವು ಜಾಹೀರಾತಿಗೂ ಒದಗುವಂಥದು ಎಂಬುದನ್ನೂ ಮರೆಯಬಾರದು. ವಸ್ತುವಿನಿಂದ ತಿಳಿಯುವುದೆಷ್ಟು, ತಿಳಿಯದುದೆಷ್ಟು ಎಂಬ ಗೆರೆಯನ್ನು ಎಳೆದುಕೊಂಡವನೇ ಇಂಥ ಆಧಾರಗಳನ್ನು ಸರಿಯಾಗಿ ಬಳಸಬಲ್ಲನು.

೫. ಹಾರಿಸಬೇಕೆ, ಇಡಬೇಕೆ?

ಹಾರಿಸುವುದರಿಂದ ಜ್ಞಾನ ಲಭಿಸುವುದೆಂದು ಒಪ್ಪಿದ ಮೇಲೆ, ಮೂಲ ಆಯುಧವನ್ನೇ ಹಾರಿಸಬಹುದೆ ಎಂಬ ಪ್ರಶ್ನೆ ಉಳಿಯುತ್ತದೆ. ‘ವಾಕರ್’ ರಿವಾಲ್ವರುಗಳ ಉರುಳೆಗಳು ಹೊಸದಾಗಿದ್ದಾಗಲೇ ಒಡೆಯುತ್ತಿದ್ದವು. ಅಂದಿನ ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಸೇರಿರುತ್ತಿದ್ದವು. ಹೊರಗೆ ಕಾಣದ ಬಿರುಕುಗಳು ಒಳಗಿರಬಹುದು. ಒಡೆದ ಉರುಳೆಯಿಂದ ಹಾರಿಸುವವನ ಕೈಗೂ ಕಣ್ಣಿಗೂ ಅಪಾಯ. ದಾಖಲೆಗಂತೂ ಅದೇ ಕೊನೆ. ಇಂದಿನ ಹೊಗೆಯಿಲ್ಲದ ಮದ್ದನ್ನು ಇವುಗಳಲ್ಲಿ ಯಾವ ಕಾರಣಕ್ಕೂ ಬಳಸಕೂಡದು. ಅದರ ಒತ್ತಡವನ್ನು ಈ ಲೋಹ ತಡೆಯಲಾರದು.

ಇದಕ್ಕೆ ಒಂದು ಪರಿಹಾರ ೧೯೫೦ರ ದಶಕದ ಕೊನೆಯಲ್ಲಿ ದೊರೆಯಿತು. ಅಮೆರಿಕೆಯ ಅಂತರ್ಯುದ್ಧದ ಶತಮಾನೋತ್ಸವ ಸಮೀಪಿಸುತ್ತಿದ್ದಾಗ, ಇಟಲಿಯ ಬ್ರೆಶಿಯಾ ಪ್ರಾಂತದ ಗಾರ್ಡೋನೆ ವಾಲ್ ಟ್ರೊಂಪಿಯಾ ಎಂಬ ಊರಿನ ಕಮ್ಮಾರ ಮನೆತನಗಳು ‘ನೇವಿ’ಯ ಪ್ರತಿಕೃತಿಗಳನ್ನು ಹೊಸ ಉಕ್ಕಿನಲ್ಲಿ ತಯಾರಿಸತೊಡಗಿದವು. ಇವುಗಳಿಂದ ತುಂಬುವ ಕ್ರಮ, ಕಿಟ್ಟದ ತೊಂದರೆ, ಕೇಪಿನ ಉಪದ್ರವ ಮುಂತಾದ ಬಹುಮಟ್ಟಿನ ವಿಷಯಗಳನ್ನು ಕಲಿಯಬಹುದು. ಆದರೆ ಪ್ರತಿಕೃತಿ ಮೂಲವಲ್ಲ. ಉಕ್ಕು ಬೇರೆ, ನಳಿಗೆಯ ಒಳಗಿನ ಸುರುಳಿಗಾಡಿಗಳ ಆಳ ಬೇರೆ. ಆದುದರಿಂದ ಅದರ ಗುರಿಯ ನಿಖರತೆಯನ್ನು ಮೂಲಕ್ಕೆ ಆರೋಪಿಸುವುದು ಸಲ್ಲದು. ೧೯೭೧ರಲ್ಲಿ ಹುಟ್ಟಿದ ಬಾಯಿಮದ್ದಿನ ಆಯುಧಗಳ ಅಂತರರಾಷ್ಟ್ರೀಯ ಸಮಿತಿಯು ತನ್ನ ಸ್ಪರ್ಧೆಗಳಲ್ಲಿ ಮೂಲ ಆಯುಧಗಳಿಗೂ ಪ್ರತಿಕೃತಿಗಳಿಗೂ ಪ್ರತ್ಯೇಕ ವರ್ಗಗಳನ್ನು ಇಟ್ಟಿರುವುದು ಈ ದೃಷ್ಟಿಯಿಂದ ಯುಕ್ತವಾಗಿದೆ.

ಮೂಲವನ್ನೇ ಹಾರಿಸಿ ನೋಡಿದ ಶಾಸ್ತ್ರೀಯ ಪ್ರಯೋಗಗಳೂ ಉಂಟು. ಆಸ್ಟ್ರಿಯಾದ ಗ್ರಾಟ್ಸ್ ನಗರದ ಪ್ರಾಚೀನ ಆಯುಧಾಗಾರದಲ್ಲಿರುವ ಹದಿನಾರರಿಂದ ಹದಿನೆಂಟನೆಯ ಶತಮಾನದ ಕೆಲವು ಬಂದೂಕುಗಳನ್ನು ೧೯೮೮ ಮತ್ತು ೧೯೮೯ರಲ್ಲಿ ಸೈನ್ಯದ ಪರೀಕ್ಷಾ ಮೈದಾನದಲ್ಲಿ ಹಾರಿಸಿ, ಗುಂಡಿನ ವೇಗ, ನಿಖರತೆ, ಭೇದಕ ಶಕ್ತಿಗಳನ್ನು ಅಳೆದರು. ಆಯುಧಗಳನ್ನು ಚೌಕಟ್ಟಿನಲ್ಲಿ ಬಿಗಿದು ಹಾರಿಸಿದುದರಿಂದ ಕೈಯ ನಡುಕದ ದೋಷ ಕಳೆಯಿತು. ಅಲ್ಲಿ ಹಾರಿಸಿದ್ದು ವಿನೋದಕ್ಕಲ್ಲ. ಬೇರೆ ವಿಧದಿಂದ ಉತ್ತರ ಸಿಗದ ಪ್ರಶ್ನೆಗಳಿಗಾಗಿ. ಭಂಡಾರದಲ್ಲಿ ಅದೇ ಬಗೆಯ ಆಯುಧಗಳು ಹೇರಳವಾಗಿದ್ದುದೂ ಆ ಪ್ರಯೋಗಕ್ಕೆ ಅನುಕೂಲವಾಯಿತು.

೬. ಕಾನೂನಿನ ಮೂರು ನೋಟಗಳು

ಹಳೆಯ ರಿವಾಲ್ವರು ಆಯುಧವೆ, ಪುರಾವಸ್ತುವೆ ಎಂಬ ಈ ಸಂದಿಗ್ಧವು ಕಾನೂನುಗಳಲ್ಲಿಯೂ ಪ್ರತಿಬಿಂಬಿಸಿದೆ. ಅಮೆರಿಕೆಯ ೧೯೬೮ರ ಕೇಂದ್ರ ಕಾನೂನು ವರ್ಷವನ್ನು ನೋಡುತ್ತದೆ: ೧೮೯೮ರಲ್ಲಿ ಅಥವಾ ಅದಕ್ಕೆ ಮುಂಚೆ ತಯಾರಾದುದು ಪ್ರಾಚೀನ. ಬ್ರಿಟನ್ನಿನ ೧೯೬೮ರ ಕಾನೂನು ಉದ್ದೇಶವನ್ನು ನೋಡುತ್ತದೆ: ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪ್ರಾಚೀನ ಆಯುಧಕ್ಕೆ ವಿನಾಯಿತಿ ಉಂಟು, ಅದನ್ನೇ ಹಾರಿಸಬೇಕೆಂದರೆ ಪರವಾನಗಿ ಬೇಕು. ಗೋಡೆಯ ಮೇಲಿದ್ದಾಗ ಒಂದು, ಕೈಗೆ ಬಂದಾಗ ಇನ್ನೊಂದು. ನಮ್ಮ ೧೯೫೯ರ ಶಸ್ತ್ರಾಸ್ತ್ರ ಕಾನೂನು ಸಾಮರ್ಥ್ಯವನ್ನು ನೋಡುತ್ತದೆ: ದುರಸ್ತಿ ಮಾಡಿದರೂ ಹಾರಿಸಲಾಗದಂಥ ಹಳೆಯ ಆಯುಧಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ನಮ್ಮಲ್ಲಿ ಸುಸ್ಥಿತಿಯಲ್ಲಿರುವ ಕೇಪಿನ ರಿವಾಲ್ವರು, ಎಷ್ಟು ಹಳೆಯದಾದರೂ, ಆಯುಧವೇ.

ಈ ಕಟ್ಟುನಿಟ್ಟಿಗೆ ಪೂರ್ವಚರಿತ್ರೆಯುಂಟು. ೧೮೫೭ರ ನಿಶ್ಶಸ್ತ್ರೀಕರಣದ ಕಾನೂನಿನಂತೆ ಆಯುಧ ಒಪ್ಪಿಸಲು ನಿರಾಕರಿಸಿದ ಮುಧೋಳ ಸೀಮೆಯ ಹಲಗಲಿಯ ಬೇಡರು ಆ ವರ್ಷದ ನವೆಂಬರಿನಲ್ಲಿ ಬ್ರಿಟಿಷರ ಸೈನ್ಯವನ್ನು ಎದುರಿಸಿ ನಾಶವಾದ ಕಥೆ ಕನ್ನಡಿಗರಿಗೆ ಲಾವಣಿಗಳಿಂದ ಪರಿಚಿತ. ೧೮೭೮ರ ಶಸ್ತ್ರ ಕಾನೂನು ಆ ಬಿಗಿಯನ್ನು ದೇಶಕ್ಕೆಲ್ಲ ಸ್ಥಿರಗೊಳಿಸಿತು. ಇಂಗ್ಲೆಂಡು ಅಮೆರಿಕೆಗಳಲ್ಲಿ ಖಾಸಗಿ ಸಂಗ್ರಾಹಕರು ಬೆಳೆಸಿದ ವಿದ್ಯೆ ನಮ್ಮಲ್ಲಿ ಬೆಳೆಯದಿರಲು ಇದೂ ಒಂದು ಕಾರಣ. ನಮ್ಮಲ್ಲಿ ಆ ಹೊಣೆ ವಸ್ತುಸಂಗ್ರಹಾಲಯಗಳ ಮೇಲೆಯೂ ವಿಶ್ವವಿದ್ಯಾನಿಲಯಗಳ ಮೇಲೆಯೂ ಬಿದ್ದಿದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ತಲಪುವ ನಿಲುವು ಇಷ್ಟು. ಮೂಲವನ್ನು ಓದಬೇಕು, ಪ್ರತಿಕೃತಿಯನ್ನು ಹಾರಿಸಬೇಕು. ಅನ್ಯಥಾ ಉತ್ತರ ದೊರೆಯದ ಪ್ರಶ್ನೆಯಿದ್ದರೆ, ಅದೇ ಬಗೆಯ ಆಯುಧಗಳು ಬೇಕಾದಷ್ಟು ಉಳಿದಿದ್ದರೆ, ತಜ್ಞರ ಪರೀಕ್ಷೆಯಾದ ಮೇಲೆ ಮಾತ್ರ ಮೂಲವನ್ನು ಹಾರಿಸಬಹುದು. ಅದಕ್ಕೆ ಮುಂಚೆ ಅದರ ಅಳತೆ, ತೂಕ, ಅಂಕೆ, ಗುರುತುಗಳನ್ನೆಲ್ಲ ಬರೆದು, ಚಿತ್ರ ತೆಗೆದು ಇಟ್ಟಿರಬೇಕು. ಎಲ್ಲಿಯೂ ಉಜ್ಜಿ ಹೊಳಪು ಕೊಡಕೂಡದು.

ನಮ್ಮ ವಿದ್ಯಾರ್ಥಿಗಳಿಗೆ ರಿವಾಲ್ವರನ್ನು ಹಾರಿಸುವ ಅವಕಾಶ ಬಾರದಿರಬಹುದು. ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ‘ಹಳೆಯ ಪಿಸ್ತೂಲು’ ಎಂಬ ಒಂದೇ ಚೀಟಿಯ ಕೆಳಗೆ ಮಲಗಿರುವ ಆಯುಧದ ಮುಂದೆ ಅರ್ಧ ಗಂಟೆ ನಿಂತು, ಅಂಕೆಗಳು ಹೊಂದುತ್ತವೆಯೆ, ಸುತ್ತಿಗೆಗೆ ಹೆಬ್ಬೆರಳಿನ ಮೊನೆಯಿದೆಯೆ, ಮೊಲೆಗಳು ಎಷ್ಟು ಸವೆದಿವೆ ಎಂದು ನೋಡಿ ಬರೆದುಕೊಂಡರೆ, ಆ ಚೀಟಿಗೆ ಸೇರಿಸಬೇಕಾದ ನಾಲ್ಕು ಸಾಲುಗಳಾದರೂ ದೊರೆಯುತ್ತವೆ. ಆ ನಾಲ್ಕು ಸಾಲುಗಳಿಂದಲೇ ಈ ವಿದ್ಯೆ ನಮ್ಮಲ್ಲಿ ಮೊದಲಾಗಬೇಕು.